ಒಂದೇ ರಿಂಗಿಗೆ ಕತ್ತರಿಸುವವರು

ಅದು ಮೊದಲ ಸಲ ಕೆಲಸ ಮಾಡಿದಾಗ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆನಂತೆ. ಪಕ್ಕದ ಮೇಜಿನ ಸಹೋದ್ಯೋಗಿ ತಲೆಯೆತ್ತಿ ನೋಡುವವರೆಗೆ ನನಗದು ಗೊತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಬರೆದಿದ್ದು ಏಳೇ ಸಾಲು. ಅದನ್ನು ಓಡಿಸಿ ಮೂರು ಎಣಿಸುವಷ್ಟರಲ್ಲಿ ಮೇಜಿನ ಮೇಲಿದ್ದ ನನ್ನ ಫೋನು ಗುರುಗುಟ್ಟುತ್ತ ಅಂಚಿನ ಕಡೆಗೆ ಸರಿಯಿತು. ಪರದೆಯ ಮೇಲೆ ನಾನೇ ಬರೆದ ಎರಡು ಪದ ಕಾಣಿಸಿತು.

"ಏನಾಯ್ತು? ಲಾಟರಿ ಹೊಡೀತಾ?" ಎಂದ ಸಹೋದ್ಯೋಗಿ. ಅವನು ಬೆಂಗಳೂರಿನವನು, ಆ ಆಫೀಸಿನಲ್ಲಿ ನನ್ನ ಜೊತೆ ಕನ್ನಡ ಮಾತಾಡುತ್ತಿದ್ದವನು ಅವನೊಬ್ಬನೇ.

"ಎಸ್ಸೆಮ್ಮೆಸ್ ಬಂತು," ಅಂದೆ.

"ಎಲ್ಲರಿಗೂ ಬರುತ್ತೆ ಕಣಮ್ಮ. ಕೂತ್ಕೋ."

ಎಲ್ಲರಿಗೂ ಬರುತ್ತದೆ, ನಿಜ. ಆದರೆ ನನಗೆ ಬಂದದ್ದು ಇನ್ನೊಂದು ಫೋನಿನಿಂದಲ್ಲ. ಸಿಡ್ನಿಯ ಹನ್ನೊಂದು ಜನರ ಒಂದು ಸಣ್ಣ ಆಫೀಸಿನಲ್ಲಿ ಕುಳಿತು ನಾನು ಬರೆದ ಏಳು ಸಾಲುಗಳು ಒಂದು ದೊಡ್ಡ ದೂರವಾಣಿ ಕಂಪನಿಯ ನೆಟ್‌ವರ್ಕಿನೊಳಗೆ ಹೋಗಿ, ಅದರಿಂದ ಕೆಲಸ ಮಾಡಿಸಿ ಬಂದಿದ್ದವು. ಅದುವರೆಗೆ ಹೊರಗಿನ ಯಾರಿಗೂ ಅದು ಸಾಧ್ಯವಿರಲಿಲ್ಲ.

ಅದು ಎರಡು ಸಾವಿರದ ದಶಕದ ಕೊನೆಯ ಭಾಗ. ಅಮೆರಿಕದ ಕಂಪನಿಯೊಂದು ತನ್ನ ಟಚ್ ಫೋನಿನಲ್ಲಿ ಅಪ್ಲಿಕೇಶನ್ನುಗಳ ಅಂಗಡಿ ತೆರೆದ ಮೇಲೆ ಎಲ್ಲ ದೂರವಾಣಿ ಕಂಪನಿಗಳಿಗೂ ದಿಗಿಲು ಹತ್ತಿತ್ತು. ಮೆಲ್ಬರ್ನಿನಲ್ಲಿ ಮುಖ್ಯ ಕಚೇರಿ ಇದ್ದ ನಮ್ಮ ಆಫೀಸಿಗೆ ಕೆಲಸ ಕೊಡುತ್ತಿದ್ದ ದೂರವಾಣಿ ಕಂಪನಿ ಒಂದು ಧೈರ್ಯದ ನಿರ್ಧಾರ ಮಾಡಿತು. ಎಸ್ಸೆಮ್ಮೆಸ್ ಕಳಿಸುವುದು, ಕರೆ ಬಂದದ್ದನ್ನು ತಿಳಿಯುವುದು, ಫೋನು ಯಾವ ಬಡಾವಣೆಯಲ್ಲಿದೆ ಎಂದು ಕೇಳುವುದು, ಹೀಗೆ ತನ್ನೊಳಗಿನ ಶಕ್ತಿಗಳನ್ನು ಹೊರಗಿನ ಡೆವಲಪರುಗಳಿಗೆ ತೆರೆದಿಡುವುದು. ಅವರು ಮಾಡಿದ ಅಪ್ಲಿಕೇಶನ್ನುಗಳನ್ನು ತನ್ನದೇ ಆನ್‌ಲೈನ್ ಮಾರುಕಟ್ಟೆಯಲ್ಲಿಟ್ಟು ಗಿರಾಕಿಗಳಿಗೆ ಒದಗಿಸುವುದು. ಅದಕ್ಕೂ ಮೊದಲು ಇಂಥದ್ದು ಬೇಕೆಂದರೆ ಕರಾರು, ವಕೀಲರು, ತಿಂಗಳುಗಟ್ಟಲೆ ಮೀಟಿಂಗು. ಈಗ ವೆಬ್‌ಸೈಟಿನಲ್ಲಿ ಹೆಸರು ಬರೆಸಿ ಪಾಸ್‌ವರ್ಡಿನಂಥ ಒಂದು ಕೀಲಿ ಪಡೆದರೆ ಸಾಕು.

ಆ ಡೆವಲಪರುಗಳಿಗಾಗಿ ಕೈಪಿಡಿ ಬರೆಯುವ ಕೆಲಸ ನಮ್ಮ ಆಫೀಸಿಗೆ ಬಂದಿತ್ತು; ಅದು ನನ್ನ ಪಾಲಿಗೆ ಬಂತು. ನೆಟ್‌ವರ್ಕಿಗೆ ಕಳಿಸುವ ಯಾವ ಆದೇಶಕ್ಕೆ ಏನು ಕೊಡಬೇಕು, ಏನು ತಿರುಗಿ ಬರುತ್ತದೆ, ಎಲ್ಲಿ ತಪ್ಪಬಹುದು ಎಂದು ಪುಟಕ್ಕೊಂದರಂತೆ ಬರೆಯಬೇಕು. ಹೆಚ್ಚು ಮಾತಾಡದ, ಆದರೆ ಒಂದು ಪದ ಅತ್ತಿತ್ತ ಆದರೂ ನಿದ್ದೆ ಬಾರದ ನನಗೆ ಅದು ಹೇಳಿ ಮಾಡಿಸಿದ ಕೆಲಸ. ಉಡುಪಿಯ ಹತ್ತಿರದ ತುಳು ಮಾತಾಡುವ ಮನೆಯಿಂದ ಎಂಜಿನಿಯರಿಂಗ್ ಮುಗಿಸಿ, ಸಿಡ್ನಿಯಲ್ಲಿ ಸ್ನಾತಕೋತ್ತರ ಪದವಿ ಪಡೆದು, ಅಲ್ಲೇ ಕಾಯಂ ನೆಲೆಸುವ ಪಿಆರ್ ಕೈಗೆ ಬಂದು ಒಂದು ವರ್ಷವಾಗಿತ್ತು. ಆ ವರ್ಷಗಳಲ್ಲಿ ನಾನು ಅಷ್ಟು ಸಂತೋಷದಿಂದ ಆಫೀಸಿಗೆ ಹೋದದ್ದು ಆಗ ಮಾತ್ರ. ಬೆಳಿಗ್ಗೆ ರೈಲಿನಲ್ಲಿ ಕುಳಿತಾಗಲೇ ಇವತ್ತು ಯಾವ ಆದೇಶವನ್ನು ಪ್ರಯತ್ನಿಸಬಹುದು ಎಂದು ಲೆಕ್ಕ ಹಾಕುತ್ತಿದ್ದೆ.

ಶುಕ್ರವಾರ ಸಂಜೆ ನಮ್ಮ ದೇಶದವರೇ ಹೆಚ್ಚಿರುವ ಹ್ಯಾರಿಸ್ ಪಾರ್ಕ್ ಬಡಾವಣೆಯಲ್ಲಿ ಇಳಿಯುವುದು ವಾಡಿಕೆ. ಸ್ಟೇಷನ್ನಿನಿಂದ ಐದು ನಿಮಿಷ ನಡೆದರೆ ಒಂದು ದಿನಸಿ ಅಂಗಡಿ. ನಡೆಸುತ್ತಿದ್ದವರು ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್ ದಂಪತಿ. ಅಂಕಲ್ ಮುಂಜಾನೆಯೇ ಹೋಗಿ ಸಗಟು ಮಾರುಕಟ್ಟೆಯಿಂದ ತರಕಾರಿ ತರುತ್ತಿದ್ದರು. ಆಸ್ಟ್ರೇಲಿಯದ ಉತ್ತರದ ಬೆಚ್ಚಗಿನ ಊರುಗಳಲ್ಲಿ ಬೆಳೆದ ನಮ್ಮ ಕಡೆಯ ತರಕಾರಿ, ಅಂದರೆ ಬಸಳೆ, ತೊಂಡೆ, ಹರಿವೆ, ಶುಕ್ರವಾರ ಮಾತ್ರ ಬರುತ್ತಿತ್ತು. ಕೆಲವು ವಾರ ಬರುತ್ತಲೂ ಇರಲಿಲ್ಲ. ಹಾಗಾಗಿ ಶುಕ್ರವಾರ ಆಂಟಿಯ ಫೋನಿಗೆ ಬಿಡುವೇ ಇಲ್ಲ.

"ಹಲೋ... ಹೌದು, ಬಂತು. ಬಸಳೆ ಉಂಟು. ತೊಂಡೆ ಪೆಟ್ಟಿಗೆ ಇನ್ನೂ ಬಿಚ್ಚಲಿಲ್ಲ ಮಾರಾಯ್ರೆ, ಮತ್ತೆ ಫೋನ್ ಮಾಡಿ."

ಇಟ್ಟ ಕೂಡಲೇ ಇನ್ನೊಂದು. ಅದಕ್ಕೂ ಅದೇ ಮಾತು. ಆಂಟಿ ನನ್ನ ಕಡೆ ತಿರುಗಿದರು.

"ನೋಡು, ಇದು ಫೋನಲ್ಲ, ಸೊಳ್ಳೆ. ಒಂದು ಕೈಯಲ್ಲಿ ತಕ್ಕಡಿ, ಇನ್ನೊಂದು ಕೈಯಲ್ಲಿ ಇದು. ಮೂರನೇ ಕೈ ದೇವರು ಕೊಡ್ಲಿಲ್ಲ. ನಿಂಗೆ ಚೀಲ ಕೊಡುದು ಹೇಗೆ?"

"ಚೀಲ ನಾನೇ ತಗೊಳ್ತೇನೆ ಆಂಟಿ." ಸ್ವಲ್ಪ ತಡೆದು ಹೇಳಿದೆ: "ಅವರೆಲ್ಲ ಒಂದು ಮಿಸ್ಡ್ ಕಾಲ್ ಕೊಟ್ರೆ ಸಾಕು ಅಂತ ಮಾಡಿದ್ರೆ?"

"ಮಿಸ್ಡ್ ಕಾಲ್ ಕೊಟ್ರೆ ನಾನು ವಾಪಸು ಮಾಡ್ಬೇಕಲ್ಲ? ಇದಕ್ಕಿಂತ ದೊಡ್ಡ ಉಪದ್ರ ಅದು."

"ನೀವು ಮಾಡುದು ಬೇಡ. ಎಂತೆಲ್ಲ ಉಂಟು ಅಂತ ಅವರ ಫೋನಿಗೆ ತನ್ನಷ್ಟಕ್ಕೆ ಎಸ್ಸೆಮ್ಮೆಸ್ ಹೋಗ್ತದೆ."

ಆಂಟಿ ತಕ್ಕಡಿಯಿಂದ ಕೈ ತೆಗೆದರು. "ನೀನು ಮಾತಾಡುದೇ ಕಮ್ಮಿ. ಮಾತಾಡಿದ್ರೆ ಹೀಗೆ ಒಂದು ಬಾಂಬು ಹಾಕ್ತೀ."

ನಮ್ಮವರಿಗೆ ಮಿಸ್ಡ್ ಕಾಲನ್ನು ಯಾರೂ ಕಲಿಸಬೇಕಾಗಿಲ್ಲ. ನಮ್ಮ ಹಾಸ್ಟೆಲಿನಲ್ಲಿ ಒಂದು ಮಿಸ್ಡ್ ಕಾಲ್ ಬಂದರೆ ಗೆಳತಿ ಬಸ್ ಹತ್ತಿದ್ದಾಳೆಂದು ಅರ್ಥ, ಎರಡು ಬಂದರೆ ಕೆಳಗೆ ಗೇಟಿನ ಬಳಿ ನಿಂತಿದ್ದಾಳೆಂದು. ಯಾರೂ ಎತ್ತುವುದಿಲ್ಲ, ಕಾಸು ಖರ್ಚಾಗುವುದಿಲ್ಲ, ಹೇಳಬೇಕಾದ್ದು ತಲುಪುತ್ತದೆ. ಸಿಡ್ನಿಗೆ ಬಂದ ಮೇಲೂ ನಮ್ಮವರು ಅದನ್ನು ಬಿಟ್ಟಿರಲಿಲ್ಲ. ಸ್ಟೇಷನ್ನಿನ ಹೊರಗೆ ಕಾರಿನಲ್ಲಿ ಕಾಯುವ ಗಂಡನಿಗೆ ರೈಲಿನಿಂದ ಹೆಂಡತಿ ಕೊಡುವುದು ಒಂದು ರಿಂಗು; ಅವನು ಎಂಜಿನ್ ಚಾಲೂ ಮಾಡುತ್ತಾನೆ.

ಮುಂದಿನ ಆರು ವಾರ ನನ್ನ ಶನಿವಾರ, ಭಾನುವಾರಗಳೆಲ್ಲ ಅದಕ್ಕೇ ಹೋದವು. ಅಪ್ಲಿಕೇಶನ್ ಎರಡು ಕೆಲಸ ಮಾಡಬೇಕಿತ್ತು. ಅಂಗಡಿಯವರು ಅದರ ಸಂಖ್ಯೆಗೆ ಒಂದು ಎಸ್ಸೆಮ್ಮೆಸ್ ಕಳಿಸಿದರೆ ಅದು ಆ ದಿನದ ಪಟ್ಟಿಯಾಗುತ್ತದೆ. ಗಿರಾಕಿಗಳು ಅದೇ ಸಂಖ್ಯೆಗೆ ಮಿಸ್ಡ್ ಕಾಲ್ ಕೊಟ್ಟರೆ ಆ ಪಟ್ಟಿ ಅವರಿಗೆ ಹೋಗುತ್ತದೆ. ಮಿಸ್ಡ್ ಕಾಲ್ ಎಂದರೇನೆಂದು ಕಂಪ್ಯೂಟರಿಗೆ ನಿಖರವಾಗಿ ಹೇಳಬೇಕಲ್ಲ? ನಾನು ಬರೆದೆ: ಯಾರೂ ಎತ್ತುವ ಮೊದಲೇ ಕರೆ ಮಾಡಿದವರು ಕತ್ತರಿಸಿದರೆ, ಅದು ಮಿಸ್ಡ್ ಕಾಲ್. ಆ ಸಾಲಿನ ಬಗ್ಗೆ ನನಗೆ ಹೆಮ್ಮೆಯೇ ಇತ್ತು.

ಇಪ್ಪತ್ತನಾಲ್ಕು ಜನರಿಂದ ಪರೀಕ್ಷೆ ಮಾಡಿಸಿದೆ. ಆಂಟಿ, ಅಂಕಲ್, ಅವರ ಗಿರಾಕಿಗಳು, ರೌಸ್ ಹಿಲ್ ಬಡಾವಣೆಯಲ್ಲಿ ನನಗೆ ಪರಿಚಯವಿದ್ದ ಎರಡು ತುಳು ಕುಟುಂಬ, ಆಫೀಸಿನ ಬೆಂಗಳೂರಿನ ಸಹೋದ್ಯೋಗಿ. ಇಪ್ಪತ್ತನಾಲ್ಕು ಜನರಿಗೂ ಪಟ್ಟಿ ಬಂತು. ಸಹೋದ್ಯೋಗಿಯಂತೂ ಮಧ್ಯಾಹ್ನ ಊಟ ಮಾಡುತ್ತ ಎಡಗೈಯಲ್ಲೇ ನಂಬರ್ ಒತ್ತಿ, ಅರ್ಧ ರಿಂಗಿಗೇ ಕತ್ತರಿಸಿ, ಬಂದ ಸಂದೇಶವನ್ನು ಓದಿದ.

"ಹರಿವೆ ಸೊಪ್ಪು ಇದ್ಯಂತೆ. ಸಖತ್ತಾಗಿದೆ! ಇದನ್ನ ಯಾಕೆ ಮಾರ್ಕೆಟ್‌ಪ್ಲೇಸ್‌ಗೆ ಸಬ್‌ಮಿಟ್ ಮಾಡ್ಬಾರ್ದು ನೀನು?"

"ನಾನು ಡಾಕ್ಯುಮೆಂಟೇಶನ್ ಬರೆಯೋಳು."

"ಅದಕ್ಕೇ ಹೇಳ್ತಿರೋದು. ಕೈಪಿಡಿ ಪೂರ್ತಿ ಓದಿರೋ ಏಕೈಕ ವ್ಯಕ್ತಿ ಈ ದೇಶದಲ್ಲಿ ನೀನೇ."

ಮಾರುಕಟ್ಟೆ ತೆರೆಯುವ ದಿನ ಹೊರಗಿನ ಡೆವಲಪರುಗಳ ಹನ್ನೆರಡು ಅಪ್ಲಿಕೇಶನ್ನುಗಳನ್ನು ಇಡುವುದಾಗಿ ಕಂಪನಿ ಹೇಳಿತ್ತು. ಬಿಡುವಿನಲ್ಲಿ ಸ್ವಂತವಾಗಿ ಮಾಡಿದ್ದಾದರೆ ನಮ್ಮ ಆಫೀಸಿನವರೂ ಕಳಿಸಬಹುದಿತ್ತು. ಮೆಲ್ಬರ್ನಿನಲ್ಲಿ ಮೂವರ ಸಮಿತಿಯೊಂದು ಒಂದೊಂದನ್ನೇ ನೋಡಿ ಆರಿಸುತ್ತದೆ. ಆಯ್ಕೆಯಾಗದವು ಮುಂದಿನ ಸುತ್ತಿಗೆ ಕಾಯಬೇಕು. ಆ ಸುತ್ತು ಯಾವಾಗ ಎಂದು ಯಾರಿಗೂ ಗೊತ್ತಿರಲಿಲ್ಲ. ಆಯ್ಕೆಯಾದರೆ ನಾನು ಬರೆದದ್ದು ಪರೀಕ್ಷೆಯ ಆವರಣದಿಂದ ಹೊರಬಂದು ನಿಜವಾದ ಸಂಖ್ಯೆಯಲ್ಲಿ, ನಿಜವಾದ ಅಂಗಡಿಗೆ ಕೆಲಸ ಮಾಡುತ್ತದೆ. ಅದು ಎಷ್ಟು ಬೇಕಾಗಿತ್ತೆಂದರೆ ಮನೆಗೆ ಫೋನ್ ಮಾಡಿದಾಗಲೂ ಅದರ ಬಗ್ಗೆ ಬಾಯಿ ಬಿಡಲಿಲ್ಲ. ಆಂಟಿಗೆ ಮಾತ್ರ ಹೇಳಲೇಬೇಕಾಯಿತು, ಸಮಿತಿ ನೋಡುವ ದಿನ ಪಟ್ಟಿ ಕಳಿಸಬೇಕಾದವರು ಅವರೇ.

"ಆಂಟಿ, ಅವರು ಓದ್ತಾರೆ. ಅವತ್ತೊಂದು ದಿನ ಇಂಗ್ಲಿಷಿನಲ್ಲಿ ಕಳಿಸಿ."

"ನನ್ನ ಇಂಗ್ಲಿಷಿಗೆ ಎಂತ ಆಗಿದೆ? ಹನ್ನೆರಡು ವರ್ಷದಿಂದ ಇಲ್ಲಿ ಅಂಗಡಿ ನಡೆಸ್ತಿದ್ದೇನೆ."

ಶುಕ್ರವಾರ ಬೆಳಗಿನ ವಿಮಾನದಲ್ಲಿ ಮೆಲ್ಬರ್ನಿಗೆ ಹೋದೆ. ಸಿಡ್ನಿಯಲ್ಲಿ ಬಿಸಿಲಿತ್ತು, ಅಲ್ಲಿ ಇಳಿದರೆ ಕಿವಿ ಹಿಂಡುವ ಗಾಳಿ. ಟ್ರ್ಯಾಮಿನಲ್ಲಿ ನಿಂತುಕೊಂಡೇ ಎರಡು ನಿಮಿಷದ ನನ್ನ ಮಾತನ್ನು ನಾಲ್ಕು ಸಲ ಮನಸ್ಸಿನಲ್ಲೇ ಹೇಳಿಕೊಂಡೆ. ಭಯವಿರಲಿಲ್ಲ ಎಂದಲ್ಲ, ಆದರೆ ಉತ್ಸಾಹ ಅದಕ್ಕಿಂತ ಹೆಚ್ಚಿತ್ತು. ಕೈಪಿಡಿಯಲ್ಲಿ ನೂರಾರು ಸಲ ನಾನು 'ನೆಟ್‌ವರ್ಕ್' ಎಂದು ಬರೆದ ಆ ವಸ್ತು ಈ ಊರಿನಲ್ಲಿ, ಆ ಕಟ್ಟಡದ ಯಾವುದೋ ಅಂತಸ್ತಿನಲ್ಲಿತ್ತು.

ಸಮಿತಿಯಲ್ಲಿ ಇಬ್ಬರು ಗಂಡಸರು, ಒಬ್ಬ ಹೆಂಗಸು. ಆಕೆಯೇ ಮುಖ್ಯಸ್ಥೆ, ಐವತ್ತು ದಾಟಿದವರು, ಬೂದು ಬಣ್ಣದ ಕೋಟು, ನಗುಮುಖ. ಅವರದೊಂದು ನಿಯಮವಿತ್ತು. ಮಾಡಿದವರು ಎರಡು ನಿಮಿಷ ಮಾತಾಡಬಹುದು, ಬಳಸುವ ವಿಧಾನ ಬರೆದ ಒಂದು ಕಾರ್ಡನ್ನು ಮೇಜಿನ ಮೇಲಿಡಬಹುದು. ಆಮೇಲೆ ಮುಗಿಯುವವರೆಗೆ ತುಟಿ ಬಿಚ್ಚುವಂತಿಲ್ಲ. ಗಿರಾಕಿಯ ಪಕ್ಕದಲ್ಲಿ ಮಾಡಿದವರು ಕೂತಿರುವುದಿಲ್ಲವಲ್ಲ ಎಂಬುದು ಅವರ ವಾದ. ಕೈಪಿಡಿ ಬರೆಯುವ ನನಗೆ ಆ ನಿಯಮ ಬಹಳ ಹಿಡಿಸಿತು.

ನನ್ನ ಕಾರ್ಡಿನಲ್ಲಿ ಮೂರೇ ಸಾಲು. 'ಈ ಸಂಖ್ಯೆಗೆ ಕರೆ ಮಾಡಿ. ಯಾರೂ ಎತ್ತುವುದಿಲ್ಲ. ಇವತ್ತಿನ ತರಕಾರಿ ಪಟ್ಟಿ ನಿಮ್ಮ ಫೋನಿಗೆ ಬರುತ್ತದೆ.'

ಮುಖ್ಯಸ್ಥೆ ಕಾರ್ಡು ಓದಿ, ತಮ್ಮ ಫೋನನ್ನು ಸ್ಪೀಕರಿಗೆ ಹಾಕಿ ನಂಬರ್ ಒತ್ತಿದರು. ಒಂದು ರಿಂಗಾಯಿತು. ಮಡಿಲಲ್ಲಿದ್ದ ನನ್ನ ಹೆಬ್ಬೆರಳು ತನ್ನಷ್ಟಕ್ಕೆ ಅಲುಗಿತು. ಎರಡನೆಯದಾಯಿತು. ಆಕೆ ನನ್ನ ಕಡೆ ನೋಡಿ ಮುಗುಳ್ನಕ್ಕರು. ಮೂರು. ನಾಲ್ಕು. ಆಕೆ ಕತ್ತರಿಸಲಿಲ್ಲ. ಆಗ ನನಗೆ ಅರ್ಥವಾಯಿತು: ಆಕೆ ಕತ್ತರಿಸುವುದೇ ಇಲ್ಲ. ಐದು, ಆರು, ಏಳು. ಕಾರ್ಡಿನಲ್ಲಿ ಹೇಳಿದಂತೆ ಯಾರೂ ಎತ್ತಲಿಲ್ಲ. ಆಕೆ ಶಾಂತವಾಗಿ ಕೂತಿದ್ದರು, ಬೆನ್ನು ನೆಟ್ಟಗೆ, ಡಾಕ್ಟರ ಕೋಣೆಯ ಹೊರಗೆ ಕೂತವರ ಹಾಗೆ. ಕೊನೆಗೆ ಕಟಕ್ ಎಂದು ಸದ್ದಾಗಿ, ಸಂದೇಶ ಬಿಡಿ ಎಂದು ಮುದ್ರಿಸಿಟ್ಟ ದನಿ ಹೇಳಿತು. ಆಕೆ ಸಂದೇಶ ಬಿಟ್ಟರು.

"ನಮಸ್ಕಾರ. ಇವತ್ತು ಯಾವ ಯಾವ ತರಕಾರಿ ಬಂದಿದೆ ಅಂತ ಗೊತ್ತಾಗಬೇಕಿತ್ತು. ನಿಮಗೆ ಬಿಡುವಾದಾಗ ದಯವಿಟ್ಟು ತಿಳಿಸಿ. ತುಂಬ ಧನ್ಯವಾದ."

ಫೋನನ್ನು ಮೇಜಿನ ನಡುವೆ ಇಟ್ಟರು. ಮೂವರೂ ಅದನ್ನೇ ನೋಡಿದರು. ಏನೂ ಬರಲಿಲ್ಲ. ಬರುವ ಹಾಗೂ ಇರಲಿಲ್ಲ; ಆ ಮುದ್ರಿತ ದನಿ ಎತ್ತಿಕೊಂಡ ಕ್ಷಣದಲ್ಲಿ ನೆಟ್‌ವರ್ಕಿನ ಲೆಕ್ಕಕ್ಕೆ ಅದು ಎತ್ತಿದ ಕರೆ. ಪಕ್ಕದ ಗಂಡಸು ತನ್ನ ಫೋನಿನಿಂದ ಪ್ರಯತ್ನಿಸಿದ. ಅವನೂ ಕೊನೆಯವರೆಗೆ ಕಾದ. ಇಪ್ಪತ್ತನಾಲ್ಕು ಜನರಲ್ಲಿ ಒಬ್ಬರೂ ಮಾಡದಿದ್ದುದನ್ನು ಈ ಇಬ್ಬರೂ ಮಾಡಿದರು, ಅದೂ ಎರಡನೇ ಯೋಚನೆಯಿಲ್ಲದೆ.

"ಐಡಿಯಾ ನನಗೆ ಇಷ್ಟವಾಯಿತು," ಎಂದರು ಮುಖ್ಯಸ್ಥೆ, ಬರೆಯುತ್ತಲೇ. "ಆದರೆ ಕೆಲಸ ಮಾಡಲಿಲ್ಲ. ಈಗ ನೀವು ಮಾತಾಡಬಹುದು."

"ನೀವು ಕರೆಯನ್ನು ಕತ್ತರಿಸಬೇಕಿತ್ತು."

"ಯಾವಾಗ?"

"ಒಂದು ರಿಂಗ್ ಆದಮೇಲೆ."

ಮೂರನೆಯವನು ನಕ್ಕ. "ಒಂದೇ ರಿಂಗಾ? ಅಷ್ಟರಲ್ಲಿ ಯಾರು ಬಂದು ಎತ್ತುತ್ತಾರೆ?"

"ಯಾರೂ ಎತ್ತಬಾರದು."

ಮುಖ್ಯಸ್ಥೆ ಪೆನ್ನು ಕೆಳಗಿಟ್ಟರು. ತಾನು ಹದಿನೆಂಟನೇ ವಯಸ್ಸಿಗೆ ಈ ಕಂಪನಿಗೆ ಟೆಲಿಫೋನ್ ಆಪರೇಟರಾಗಿ ಸೇರಿದವಳು, ಹತ್ತು ರಿಂಗಾದರೂ ಕಾಯಬೇಕೆಂದು ಮೊದಲ ದಿನವೇ ಕಲಿಸಿದ್ದರು, ಒಂದೇ ರಿಂಗಿಗೆ ಇಡುವುದು ತುಂಟ ಮಕ್ಕಳ ಕೆಲಸವಾಗಿತ್ತು ಎಂದರು. "ನಿಮ್ಮ ದೇಶದಲ್ಲಿ ಎಲ್ಲರೂ ಹೀಗೆ ಮಾಡುತ್ತಾರಾ?"

"ಎಲ್ಲರೂ."

"ಅಷ್ಟು ಕೋಟಿ ತುಂಟ ಮಕ್ಕಳಾ!" ಎಂದು ಜೋರಾಗಿ ನಕ್ಕು, ಕೈಯಲ್ಲಿದ್ದ ವೇಳಾಪಟ್ಟಿ ನೋಡಿದರು. "ನಾಲ್ಕು ಗಂಟೆಗೆ ಬರಬೇಕಾಗಿದ್ದವರು ಬರುತ್ತಿಲ್ಲ. ಆ ಹೊತ್ತು ನಿಮ್ಮದು. ಆದರೆ ಕಾರ್ಡಿನಲ್ಲಿ 'ಕತ್ತರಿಸಿ' ಅಂತ ಒಂದು ಸಾಲು ಸೇರಿಸಿಕೊಂಡು ಬರಬೇಡಿ. ನಮ್ಮ ಗಿರಾಕಿಗಳು ಅದನ್ನು ಓದಿಯೂ ಕಾಯುತ್ತಾರೆ. ನನಗೆ ಅವರು ಗೊತ್ತು."

ಹೊರಗಿನ ಕಾರಿಡಾರಿಗೆ ಬಂದಾಗ ಹನ್ನೆರಡೂವರೆ. ಫೋನು ಅಲುಗಿತು. ಆಂಟಿ.

"ಎಂತ ಆಯ್ತು? ಪಾಸಾ?"

"ಇಲ್ಲ ಆಂಟಿ. ಅವರು ಕಟ್ ಮಾಡ್ಲಿಲ್ಲ."

"ಕಟ್ ಮಾಡದೆ ಎಂತ ಮಾಡಿದ್ರು?"

"ಕಾದರು."

"ಎಂತಕ್ಕೆ?"

"ಯಾರಾದರೂ ಎತ್ತಲಿ ಅಂತ."

"ಮಿಸ್ಡ್ ಕಾಲ್ ಎತ್ತುದಾ? ದೇವರೇ! ಇವರು ಫೋನ್ ಕಂಪನಿ ನಡೆಸುದು ಹೇಗೆ ಮಾರಾಯ್ತಿ?" ಆಮೇಲೆ ಆಂಟಿಯ ದನಿ ಮೆತ್ತಗಾಯಿತು. "ಅವರು ಕಟ್ ಮಾಡದಿದ್ರೆ ನೀನೇ ಮಾಡು. ನಾನು ಇಲ್ಲಿ ಮಾಡುದಿಲ್ವಾ, ಮಾತು ಉದ್ದ ಆದ್ರೆ ಟಪ್ ಅಂತ?"

ಅವರು ಹೇಳಿದ್ದು ಸರಿಯಾಗಿತ್ತು. ಕರೆ ಬಂದ ಕೂಡಲೇ ಪಟ್ಟಿ ಕಳಿಸಿಬಿಡಬಹುದಿತ್ತು. ಆದರೆ ಆ ಕಡೆ ರಿಂಗು ಹಾಗೇ ಮುಂದುವರಿದು, ಗಿರಾಕಿ ಕೊನೆಗೆ ಮುದ್ರಿತ ದನಿಗೆ ಸಿಕ್ಕಿಬೀಳುತ್ತಾರೆ. ಕರೆಯನ್ನು ಈ ಕಡೆಯಿಂದಲೇ ಮುಗಿಸಬೇಕು. ಅಂಥ ಒಂದು ಆದೇಶ ಇತ್ತು. ಇದೆ ಎಂದು ನನಗೆ ಗೊತ್ತಿತ್ತು, ಏಕೆಂದರೆ ಅದರ ಬಗ್ಗೆ ಎರಡೇ ಸಾಲು ಬರೆದು ಮುಗಿಸಿದವಳು ನಾನೇ: 'ಕರೆಯನ್ನು ಕೊನೆಗೊಳಿಸುತ್ತದೆ. ಹೊರಗಿನ ಡೆವಲಪರುಗಳಿಗೆ ಲಭ್ಯವಿಲ್ಲ.' ಏಕೆ ಲಭ್ಯವಿಲ್ಲ ಎಂದು ಆಗ ನಾನು ಕೇಳಿರಲಿಲ್ಲ.

ಕೇಳಬೇಕಾದವರು ಅದೇ ಕಟ್ಟಡದಲ್ಲಿದ್ದರು. ನೆಟ್‌ವರ್ಕಿನ ಹಿರಿಯ ಎಂಜಿನಿಯರ್. ಆರು ತಿಂಗಳಿಂದ ನನ್ನ ಪ್ರಶ್ನೆಗಳಿಗೆಲ್ಲ ಇಮೇಲಿನಲ್ಲಿ ಒಂದೊಂದು ಸಾಲಿನ ಉತ್ತರ ಬರೆಯುತ್ತಿದ್ದವರು. ಅವರ ಮುಖ ನೋಡಿರಲಿಲ್ಲ, ದನಿ ಕೇಳಿರಲಿಲ್ಲ. ಹೇಳದೆ ಕೇಳದೆ ಒಬ್ಬರ ಮೇಜಿನ ಮುಂದೆ ಹೋಗಿ ನಿಲ್ಲುವುದು ನನ್ನ ಜಾಯಮಾನವಲ್ಲ. ಲಿಫ್ಟಿಗೆ ಕಾಯಲಿಲ್ಲ, ಕಾದರೆ ಮನಸ್ಸು ಬದಲಾಗುತ್ತಿತ್ತು. ಮೂರು ಅಂತಸ್ತು ಮೆಟ್ಟಿಲಿಳಿದು ಹೋದೆ.

ಹಳೇ ಸ್ವೆಟರಿನ ದಪ್ಪ ಮನುಷ್ಯ ಚಹಾದಲ್ಲಿ ಬಿಸ್ಕತ್ತು ಅದ್ದುತ್ತಿದ್ದರು. ನಾನು ಯಾರೆಂದು ಹೇಳಿದೆ.

"ಓ, ನೀವಾ ಆ ಪ್ರಶ್ನೆಗಳ ಹುಡುಗಿ! ಅರವತ್ತು ವರ್ಷದ ಒಬ್ಬರು ಕನ್ನಡಕದ ಮೇಷ್ಟರು ಅಂದುಕೊಂಡಿದ್ದೆ. ಕೂತ್ಕೊಳ್ಳಿ. ಇವತ್ತಿನ ಪ್ರಶ್ನೆ ಏನು?"

"ಕರೆ ಕೊನೆಗೊಳಿಸುವ ಆದೇಶವನ್ನು ಹೊರಗಿನವರಿಗೆ ಯಾಕೆ ಮುಚ್ಚಿದ್ದೀರಿ?"

ಅವರು ಬಿಸ್ಕತ್ತು ತಿಂದು ಮುಗಿಸುವವರೆಗೆ ಯೋಚಿಸಿದರು. "ಯಾರೂ ಕೇಳಲಿಲ್ಲ. ಕರೆ ಆದಷ್ಟು ಹೊತ್ತು ನಡೆಯಲಿ ಅನ್ನುವುದು ಈ ಕಂಪನಿಯ ಕಸುಬು. ಮುಗಿಸುವುದು ಯಾರಿಗೆ ಬೇಕು?"

"ನನಗೆ ಬೇಕು. ನಾಲ್ಕು ಗಂಟೆಯೊಳಗೆ."

ಬೆಳಿಗ್ಗೆ ನಡೆದದ್ದನ್ನು ಹೇಳಿದೆ. ಮುಖ್ಯಸ್ಥೆ ಸಂದೇಶ ಬಿಟ್ಟ ಭಾಗಕ್ಕೆ ಬಂದಾಗ ಅವರು ಹೊಟ್ಟೆ ಹಿಡಿದು ನಕ್ಕರು. ನಂತರ ಗಂಭೀರವಾದರು. "ನಿಮಗೊಬ್ಬರಿಗೇ ತೆರೆಯಲು ಬರುವುದಿಲ್ಲ. ತೆರೆದರೆ ಎಲ್ಲರಿಗೂ ತೆರೆಯಬೇಕು. ಯಾರೋ ಒಬ್ಬ ಇನ್ನೊಬ್ಬರ ಕರೆಗಳನ್ನು ಕತ್ತರಿಸುತ್ತ ಕೂತರೆ?"

"ತನ್ನ ಸಂಖ್ಯೆಗೆ ಬಂದ ಕರೆಯನ್ನು ಮಾತ್ರ. ಎತ್ತುವ ಮೊದಲು ಮಾತ್ರ." ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. "ಹಾಗಾದರೆ ಎಲ್ಲರಿಗೂ ತೆರೆಯಿರಿ."

ಅವರು ಕುರ್ಚಿಯನ್ನು ಕಂಪ್ಯೂಟರಿನ ಕಡೆ ತಿರುಗಿಸಿದರು. "ಆ ಎರಡು ಷರತ್ತು ಹಾಕುವುದು ನನ್ನ ಕೆಲಸ. ಅದರ ಪುಟ ಬರೆಯುವುದು ನಿಮ್ಮದು. ಪುಟ ಇಲ್ಲದೆ ಏನನ್ನೂ ತೆರೆಯಬಾರದು ಅಂತ ಇಲ್ಲಿ ಒಂದು ನಿಯಮವಿದೆ. ಆರು ತಿಂಗಳ ಹಿಂದೆ ನೀವೇ ಹಟ ಹಿಡಿದು ಮಾಡಿಸಿದ್ದು."

ಅವರ ಎದುರಿನ ಖಾಲಿ ಮೇಜಿನಲ್ಲಿ ಕೂತು ಬರೆದೆ. ಸಾಮಾನ್ಯವಾಗಿ ಒಂದು ಪುಟಕ್ಕೆ ಎರಡು ದಿನ ತೆಗೆದುಕೊಳ್ಳುತ್ತಿದ್ದೆ. ಅವತ್ತು ಎರಡು ಗಂಟೆ. ನಡುನಡುವೆ ಅವರು ಕೂಗಿ ಕೇಳುತ್ತಿದ್ದರು, ನಾನು ಕೂಗಿ ಉತ್ತರಿಸುತ್ತಿದ್ದೆ. ಎತ್ತಿದ ಕರೆಯ ಮೇಲೆ ಪ್ರಯೋಗಿಸಿದರೆ ಏನು ಬರಬೇಕು? ತಪ್ಪಿನ ಸಂದೇಶ. ಯಾವ ಪದಗಳಲ್ಲಿ? ಪದಗಳನ್ನೂ ಆಗಲೇ ನಿರ್ಧರಿಸಿದೆವು. ಅಷ್ಟು ಜೋರಾಗಿ ನಾನು ಯಾವ ಆಫೀಸಿನಲ್ಲೂ ಮಾತಾಡಿರಲಿಲ್ಲ. ಹಸಿವೆ ನೆನಪಾಗಲಿಲ್ಲ. ಮೂರೂಕಾಲಿಗೆ ಪುಟವನ್ನು ಅವರಿಗೆ ಕಳಿಸಿ, ನನ್ನ ಅಪ್ಲಿಕೇಶನ್ನಿನಲ್ಲಿ ಹೆಮ್ಮೆಯಿಂದ ಬರೆದಿದ್ದ ಆ ಸಾಲನ್ನು ಅಳಿಸಿದೆ. ಅದರ ಜಾಗದಲ್ಲಿ ನಾಲ್ಕು ಹೊಸ ಸಾಲು: ಕರೆ ಬಂದರೆ ಸಂಖ್ಯೆಯನ್ನು ಬರೆದುಕೋ, ಕರೆಯನ್ನು ಮುಗಿಸು, ಪಟ್ಟಿಯನ್ನು ತೆಗೆ, ಕಳಿಸು.

"ಆಯಿತು. ಹೊಡೆಯಿರಿ," ಎಂದರು.

ಒತ್ತಿದೆ. ಅರ್ಧ ರಿಂಗು, ಆಮೇಲೆ ಟಪ್. ನಾವಿಬ್ಬರೂ ನನ್ನ ಕೈಯಲ್ಲಿದ್ದ ಫೋನಿನ ಮೇಲೆ ಬಗ್ಗಿದೆವು. ಅದು ನಡುಗಿತು. ಆ ದಪ್ಪ ಮನುಷ್ಯ ಎರಡೂ ಕೈ ಮೇಲೆತ್ತಿ ಇಡೀ ಅಂತಸ್ತಿಗೆ ಕೇಳುವಂತೆ ಕೂಗಿದರು. ನಾನು ಕೂಗಲಿಲ್ಲ, ಪಟ್ಟಿ ಓದಲೂ ಇಲ್ಲ, ಮೆಟ್ಟಿಲ ಕಡೆಗೆ ಓಡಿದೆ.

ನಾಲ್ಕು ಗಂಟೆಗೆ ಅದೇ ಕೋಣೆ, ಅದೇ ಕಾರ್ಡು, ಅದೇ ಮೂರು ಸಾಲು. ಮುಖ್ಯಸ್ಥೆ ನಂಬರ್ ಒತ್ತಿ ಬೆಳಗಿನ ಹಾಗೆಯೇ ನೆಟ್ಟಗೆ ಕೂತರು. ರಿಂಗು ಶುರುವಾಗುವಷ್ಟರಲ್ಲೇ ಲೈನು ಕಡಿದುಹೋಯಿತು. ಆಕೆಯ ಹುಬ್ಬು ಮೇಲೇರಿತು. "ಲೈನ್ ಹೋಯಿತು," ಎಂದು ಮತ್ತೆ ಒತ್ತಲು ಬೆರಳು ಚಾಚಿದರು. ನನಗೆ ಮಾತಾಡುವಂತಿರಲಿಲ್ಲ. ಬೆರಳು ಗುಂಡಿಗೆ ತಾಗುವ ಮೊದಲೇ ಫೋನು ಸದ್ದು ಮಾಡಿತು.

ಆಕೆ ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದರು. ಇಂಗ್ಲಿಷ್ ಅಕ್ಷರಗಳಲ್ಲಿ ಆಂಟಿ ಬರೆದಿದ್ದದ್ದು: "ಬಸಳೆ ಉಂಟು. ತೊಂಡೆ ಇಲ್ಲ. ಹರಿವೆ ಸ್ಟಿಲ್ ಇನ್ ಬಾಕ್ಸ್. ಪ್ಲೀಸ್ ಡೋಂಟ್ ಕಾಲ್."

ಮೂವರೂ ನನ್ನ ಕಡೆ ತಿರುಗಿದರು. "ಈಗ ಮಾತಾಡಿ," ಎಂದರು ಮುಖ್ಯಸ್ಥೆ. "ಈ 'ಉಂಟು' ಎಂಬ ತರಕಾರಿ ಯಾವುದು?"

"ಅದು ತರಕಾರಿಯಲ್ಲ. ಬಸಳೆ ಒಂದು ಸೊಪ್ಪು. ಅದು ಇದೆ ಅಂತ ಹೇಳುತ್ತಿದ್ದಾರೆ."

"ಮತ್ತು ಕರೆ ಮಾಡಬೇಡಿ ಅಂತ."

"ಹೌದು. ಆ ಅಪ್ಲಿಕೇಶನ್ನಿನ ಉದ್ದೇಶವೇ ಅದು."

ಮತ್ತೆ ಅವರೆಲ್ಲ ಒಬ್ಬರಾದ ಮೇಲೊಬ್ಬರು ಫೋನ್ ಮಾಡಿದರು, ಬರುತ್ತದೆ ಎಂದು ಗೊತ್ತಿದ್ದೂ, ಬರುವುದನ್ನು ನೋಡುವುದಕ್ಕಾಗಿಯೇ. ಬೇಕರಿಯವರು ಬಳಸಬಹುದಲ್ಲ ಎಂದ ಒಬ್ಬ. ಫೆರಿ ಹೊರಡುವ ಸಮಯಕ್ಕೂ ಆಗುತ್ತದೆ ಎಂದ ಇನ್ನೊಬ್ಬ. ಮುಖ್ಯಸ್ಥೆ ಇಬ್ಬರನ್ನೂ ಸುಮ್ಮನಿರಿಸಿ, ಕರೆಯನ್ನು ಮುಗಿಸಿದ್ದು ಯಾರು, ಹೇಗೆ ಎಂದು ಕೇಳಿದರು. ಹೇಳಿದೆ. ಆ ಆದೇಶ ಮೂರೂವರೆಯಿಂದ ಎಲ್ಲ ಡೆವಲಪರುಗಳಿಗೂ ತೆರೆದಿದೆ, ಪುಟವೂ ಇದೆ ಎಂದೆ. ಆಕೆ ಪೆನ್ನು ತೆಗೆದು ಬೆಳಗಿನ ತಮ್ಮ ಟಿಪ್ಪಣಿಯ ಮೇಲೆ ಒಂದು ಗೆರೆ ಎಳೆದರು. ಹನ್ನೆರಡರಲ್ಲಿ ನನ್ನದೂ ಒಂದು ಎಂದು ಅಲ್ಲೇ, ಎದ್ದು ನಿಂತು ಕೈಕುಲುಕಿ ಹೇಳಿದರು. ನಾನು ಧನ್ಯವಾದ ಹೇಳಿದೆನೋ ಇಲ್ಲವೋ ಈಗಲೂ ನೆನಪಿಲ್ಲ.

ಮಾರುಕಟ್ಟೆ ತೆರೆದ ಬೆಳಿಗ್ಗೆ ನಾನು ಸಿಡ್ನಿಯ ಆಫೀಸಿನಲ್ಲಿದ್ದೆ. ನನ್ನ ಅಪ್ಲಿಕೇಶನ್ ಪುಟದ ನಡುವೆ ಕಾಣಿಸಿತು. ಸಹೋದ್ಯೋಗಿ ಎಲ್ಲರನ್ನೂ ಕರೆದು ತೋರಿಸಿದ. ನನಗೆ ಅದಕ್ಕಿಂತ ಡೆವಲಪರುಗಳು ಪ್ರಶ್ನೆ ಕೇಳುವ ಪುಟದ ಮೇಲೆ ಕಣ್ಣಿತ್ತು. ಹತ್ತೂವರೆಗೆ ಮೊದಲ ಪ್ರಶ್ನೆ ಬಂತು. ನಾನು ಹೆಸರೇ ಕೇಳದ ಒಂದು ಒಳನಾಡಿನ ಊರಿನಿಂದ, ಮಕ್ಕಳ ಫುಟ್ಬಾಲ್ ಕ್ಲಬ್ಬು ನಡೆಸುವ ಒಬ್ಬಾತ ಬರೆದಿದ್ದ. ಮಳೆ ಬಂದ ದಿನ ಆಟ ಇದೆಯೋ ಇಲ್ಲವೋ ಎಂದು ಎಲ್ಲ ಅಪ್ಪ ಅಮ್ಮಂದಿರೂ ತನಗೆ ಫೋನ್ ಮಾಡುತ್ತಾರೆ. ಕರೆ ಕೊನೆಗೊಳಿಸುವ ಆದೇಶ ತನ್ನ ಕಣ್ಣಿಗೆ ಬಿತ್ತು. ಅದನ್ನು ಎಸ್ಸೆಮ್ಮೆಸ್ ಜೊತೆ ಸೇರಿಸಿದರೆ ಹೇಗೆ?

ಎರಡು ವಾಕ್ಯದಲ್ಲಿ ಉತ್ತರ ಬರೆದೆ. ನಾಲ್ಕು ಸಾಲಿನ ಮಾದರಿಯನ್ನೂ ಕೊಟ್ಟೆ. ಮಧ್ಯಾಹ್ನದ ಹೊತ್ತಿಗೆ ಆತ ತನ್ನ ಸಂಖ್ಯೆಯನ್ನು ಬರೆದು, ಯಾರಾದರೂ ಪ್ರಯತ್ನಿಸಿ ನೋಡುತ್ತೀರಾ ಎಂದು ಕೇಳಿದ. ನಾನು ಒತ್ತಿದೆ. ಅರ್ಧ ರಿಂಗಿಗೆ ಲೈನು ಮುಗಿಯಿತು. ಮರುಕ್ಷಣ ಸಂದೇಶ ಬಂತು: 'ಮೈದಾನ ಒಣಗಿದೆ. ಎಲ್ಲರೂ ಬನ್ನಿ. ಸಾಕ್ಸ್ ಮರೆಯಬೇಡಿ.'

ಫೋನು ಹಿಡಿದುಕೊಂಡು ಆಫೀಸಿನ ಹತ್ತೂ ಜನರ ಮೇಜಿಗೆ ಹೋಗಿ, ಒಬ್ಬೊಬ್ಬರಿಗೂ ಅದನ್ನು ಓದಿ ಹೇಳಿದೆ.